ಕೊಡದ ಮೇಲಿನ ಎರಡು ಹೆಸರು

ಅಕ್ಕೋರ ಬಲಗೈ ತೋರುಬೆರಳಿನ ತುದಿ ನುಣ್ಣಗಿತ್ತು. ಎಲ್ಲರ ಬೆರಳಿಗೂ ಇರುವ ಗೆರೆಗಳು ಅಲ್ಲಿರಲಿಲ್ಲ. ವರ್ಷಾನುಗಟ್ಟಲೆ ಮಕ್ಕಳ ಕೈ ಹಿಡಿದು ಮರಳಿನ ಮೇಲೆ ಅಕ್ಷರ ತೀಡಿಸಿ ತೀಡಿಸಿ ಸವೆದುಹೋಗಿದ್ದವು. ಆ ಬೆರಳಿನಿಂದಲೇ ನಮ್ಮ ಹಣೆಗೆ ಮೆಲ್ಲಗೆ ಕುಟ್ಟಿ, "ಕಣ್ಣಿಗೆ ತಿಳೀದಿದ್ರೆ ಬೆರಳಿಟ್ಟು ನೋಡ್ಲೇ" ಎನ್ನುತ್ತಿದ್ದರು.

ಅವರಿಗೆ ಹೆಸರಿತ್ತು. ಒಂದಲ್ಲ, ಎರಡಿತ್ತು. ಎರಡನ್ನೂ ನಾನು ನನ್ನ ಕೈಯಾರೆ ಸರ್ಕಾರದ ಕಾಗದದ ಮೇಲೆ ಬರೆದಿದ್ದೇನೆ. ಇಲ್ಲಿ ಮಾತ್ರ ಬರೆಯುವುದಿಲ್ಲ. ನಮ್ಮ ಹಿರಿಯೂರಿನ ಕಡೆ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುತ್ತೇವೆ. ಅವರ ವಿಷಯದಲ್ಲಿ ನನ್ನ ನಾಲಗೆ ಬೇರೆ ಹೆಸರಿಗೆ ಹೊರಳುವುದಿಲ್ಲ.

ನಮ್ಮಪ್ಪ ಕಂಬಳಿ ನೇಯುವವನು. ನನಗಿಂತ ಮುಂಚೆ ನಮ್ಮ ಮನೆಯಲ್ಲಿ ಯಾರೂ ತಮ್ಮ ಹೆಸರನ್ನು ತಾವೇ ಬರೆದವರಲ್ಲ. ನಾನು ಬಿ.ಎ. ಪಾಸು ಮಾಡಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟು ಗಳಿಸಿದ್ದನ್ನು ಕಂಬಳಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಡುವುದೇಕೆ? ಆದರೆ ಆ ಬಿ.ಎ. ಶುರುವಾದದ್ದು ಹಿರಿಯೂರಿನ ಹೆಣ್ಣುಮಕ್ಕಳ ಶಾಲೆಯ ಜಗಲಿಯಲ್ಲಿ, ಒಂದು ತಾಮ್ರದ ಕೊಡದ ಪಕ್ಕದಲ್ಲಿ.

ಆ ಶಾಲೆಯಲ್ಲಿ ಮೊದಲ ತರಗತಿಗೆ ಚಿಕ್ಕ ಗಂಡುಹುಡುಗರನ್ನೂ ಕೂರಿಸಿಕೊಳ್ಳುತ್ತಿದ್ದರು. ಕುಡಿಯುವ ನೀರಿನ ಕೊಡ ಜಗಲಿಯ ಮೂಲೆಯಲ್ಲಿರುತ್ತಿತ್ತು. ಅದರ ಹೊಟ್ಟೆಯ ಮೇಲೆ ಎರಡು ಸಾಲು ಅಕ್ಷರ, ಚುಕ್ಕೆಚುಕ್ಕೆಯಾಗಿ ಉಳಿಯಲ್ಲಿ ಕೊರೆದದ್ದು. ಮರಳಿನ ಮೇಲೆ ನನಗೆ ಅಕ್ಷರ ಹತ್ತಲಿಲ್ಲ. ಗಾಳಿ ಬಂದರೆ ಅಳಿಸುತ್ತಿತ್ತು, ನಾನು ಸೀನಿದರೂ ಅಳಿಸುತ್ತಿತ್ತು. ಅಕ್ಕೋರು ನನ್ನನ್ನು ಎಳೆದುಕೊಂಡು ಹೋಗಿ ಕೊಡದ ಮುಂದೆ ಕೂರಿಸಿ, "ಇದು ಅಳಿಸಲ್ಲ. ತೀಡು" ಎಂದರು. ನನ್ನನ್ನು ಮನೆಗೆ ಕರೆದುಕೊಂಡು ಹೋಗಲು ಬಂದ ನಮ್ಮವ್ವ ಅದನ್ನು ಕಂಡು ಗಾಬರಿಯಾದಳು.

"ಅಕ್ಕೋರೆ, ನಿಮ್ಮ ನೀರಿನ ಕೊಡ. ನಮ್ಮ ಹುಡುಗ ಮುಟ್ತಾ ಅವ್ನೆ."

"ಮುಟ್ಲಿ ಬಿಡವ್ವ. ತಾಮ್ರ ಏನ್ ಸವೆಯಲ್ಲ."

ಹಾಗೆ ನಾನು ಮೊದಲು ಓದಲು ಕಲಿತದ್ದು ಆ ಎರಡು ಹೆಸರುಗಳನ್ನು. ಮೇಲಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ರಾಯದುರ್ಗ. ಕೆಳಗಿನ ಸಾಲಿನಲ್ಲಿ ಇನ್ನೊಂದು ಹೆಸರು, ಹಿರಿಯೂರು. ಯಾರೋ ಪುಣ್ಯಾತ್ಗಿತ್ತಿಯರು ಶಾಲೆಗೆ ದಾನ ಕೊಟ್ಟ ಕೊಡ ಎಂದುಕೊಂಡಿದ್ದೆ.

ಬೆಂಗಳೂರಿನಲ್ಲಿ ಪರೀಕ್ಷೆ ಮುಗಿಸಿ, ಪಾಸಾದ ಸುದ್ದಿಯೂ ಬಂದು, ಕೆಲಸದ ಹುಕುಂ ಕಾಯುತ್ತ ಊರಿನಲ್ಲಿ ಕೂತಿದ್ದ ಕಾಲ ಅದು. ಮಾರಿಕಣಿವೆಯ ಕಟ್ಟೆಯಾಗಿ ಕೆಲವು ವರ್ಷಗಳಾಗಿದ್ದವು. ಒಂದು ಬೆಳಗ್ಗೆ ಅಕ್ಕೋರು ಹೇಳಿಕಳಿಸಿದರು. ಹೋದೆ. ಜಗಲಿಯ ಮೇಲೆ ಕೂತು ಒಂದು ಕಾಗದವನ್ನು ಮಡಿಸುತ್ತ ಬಿಚ್ಚುತ್ತ ಇದ್ದರು.

"ಏನಪ್ಪ ಬಿ.ಎ., ಕುಂತ್ಕ. ಇದನ್ನ ಓದು. ನಾನು ಓದಿದ್ದೀನಿ. ನೀನೂ ಓದು, ಏನಾದ್ರೂ ಬ್ಯಾರೆ ಅರ್ಥ ಬರುತ್ತಾ ನೋಡು."

ಬೇರೆ ಅರ್ಥ ಬರಲಿಲ್ಲ. ಮೈಸೂರು ಸೀಮೆಯ ಪ್ರಜೆಗಳಲ್ಲದ ಉಪಾಧ್ಯಾಯರನ್ನು ಇನ್ನು ಮುಂದೆ ಇಟ್ಟುಕೊಳ್ಳುವುದಿಲ್ಲ, ಪ್ರಜೆ ಎಂಬುದಕ್ಕೆ ತಾಲ್ಲೂಕಿನ ಅಮಲ್ದಾರರ ರುಜುವಿರುವ ಪತ್ರವನ್ನು ಒಂದು ತಿಂಗಳೊಳಗೆ ತರಬೇಕು ಎಂದಿತ್ತು. ಅಕ್ಕೋರು ಹುಟ್ಟಿದ್ದು ರಾಯದುರ್ಗದಲ್ಲಿ, ಅಂದರೆ ಬ್ರಿಟಿಷರ ಬಳ್ಳಾರಿ ಜಿಲ್ಲೆ. ನಮ್ಮೂರಿನಿಂದ ಎರಡು ದಿನದ ಗಾಡಿ ದಾರಿ ಅಷ್ಟೆ, ಆದರೆ ಸೀಮೆ ಬೇರೆ.

"ನೀವು ಹಿರಿಯೂರಿನ ಸೊಸೆ ಅಂತ ಊರಿಗೆಲ್ಲ ಗೊತ್ತಲ್ಲ ಅಕ್ಕೋರೆ. ಗಂಡ ಮೈಸೂರು ಸೀಮೆಯವರಾದರೆ ಹೆಂಡತೀನೂ ಮೈಸೂರು ಸೀಮೆಯವಳೇ."

"ಹೌದು. ಆದ್ರೆ ಪರೀಕ್ಷೆ ಪಾಸಾದೋಳು ಸೊಸೆ ಅಲ್ಲಪ್ಪ, ಮಗಳು" ಎಂದರು.

ಆಗ ಅವರ ಕಥೆ ಮೊದಲ ಸಲ ಪೂರ್ತಿ ತಿಳಿಯಿತು. ಹದಿನಾಲ್ಕಕ್ಕೆ ಹಿರಿಯೂರಿಗೆ ಮದುವೆಯಾಗಿ ಬಂದರು. ಗಂಡಿನ ಮನೆಯವರು ಪದ್ಧತಿಯಂತೆ ಹೊಸ ಹೆಸರಿಟ್ಟರು. ಹದಿನಾರಕ್ಕೆ ಗಂಡ ಹೋದ. ತಂದೆ ಬಂದು ಮಗಳನ್ನು ರಾಯದುರ್ಗಕ್ಕೆ ಕರೆದುಕೊಂಡು ಹೋಗಿ, ಬಂಧುಗಳ ಮಾತು ಕೇಳದೆ ಶಾಲೆಗೆ ಹಾಕಿದರು. ತವರಿನಲ್ಲಿ ಯಾರೂ ಅತ್ತೆಮನೆಯ ಹೆಸರಿನಿಂದ ಕರೆಯುವುದಿಲ್ಲ. ಶಾಲೆಯ ದಾಖಲೆಗೆ ಹುಟ್ಟುಹೆಸರೇ ಹೋಯಿತು, ಪಾಸಾದ ಪತ್ರದಲ್ಲೂ ಅದೇ ಬಂತು. ಹಿರಿಯೂರಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಹೆಂಗಸು ಬೇಕೆಂದಾಗ ಆ ಪತ್ರ ಹಿಡಿದು ತಾವಾಗಿಯೇ ಹಿಂದಿರುಗಿ ಬಂದರು.

ಸರ್ಕಾರದ ಕಣ್ಣಿನಲ್ಲಿ ಹೀಗಾಯಿತು: ಪರೀಕ್ಷೆ ಪಾಸಾದವಳು ಪರಸೀಮೆಯವಳು, ಹಿರಿಯೂರಿನ ಸೊಸೆ ಯಾವ ಪರೀಕ್ಷೆಯನ್ನೂ ಪಾಸು ಮಾಡಿಲ್ಲ. ಇಬ್ಬರೂ ಒಬ್ಬಳೇ ಎಂದು ತೋರಿಸದಿದ್ದರೆ ಅಕ್ಕೋರಿಗೆ ಕೆಲಸವಿಲ್ಲ. ಅವರು ಹೋದರೆ ಶಾಲೆಯೂ ಇಲ್ಲ, ಏಕೆಂದರೆ ಗಂಡಸು ಪಾಠ ಹೇಳಿದರೆ ಊರಿನವರು ಹೆಣ್ಣುಮಕ್ಕಳನ್ನು ಕಳಿಸುವವರಲ್ಲ.

ನಾನು ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದೆ. ಮೂರು ಪುಟ. ನನಗೆ ಗೊತ್ತಿದ್ದ ದೊಡ್ಡ ಪದಗಳನ್ನೆಲ್ಲ ಅದರೊಳಗೆ ತುಂಬಿದ್ದೆ. ಅಮಲ್ದಾರರ ಕಚೇರಿಯ ಶಿರಸ್ತೇದಾರರು ಅದನ್ನು ತೂಗುವವರಂತೆ ಕೈಯಲ್ಲಿ ಹಿಡಿದು, "ಬರೆದಿರೋದು ಚೆನ್ನಾಗಿದೆ. ಆಧಾರ ಎಲ್ಲಿ? ಬಾಯಿಮಾತಿನ ಸಾಕ್ಷಿ ನಾಳೆ ನೂರು ಸಿಗುತ್ತೆ. ಮದುವೆ ಕಾಲದ ಬರಹ ಏನಾದರೂ ತನ್ನಿ" ಎಂದರು.

ನಾನು ಬಂದು ಹಾಗೆಂದಾಗ ಅಕ್ಕೋರು ನಕ್ಕುಬಿಟ್ಟರು.

"ಬರಹ ಇತ್ತಪ್ಪ. ತಟ್ಟೇಲಿ ಅಕ್ಕಿ ಹರಡಿ, ಉಂಗುರದಲ್ಲಿ ಹೊಸ ಹೆಸ್ರು ಬರೆಸಿದ್ರು. ಸಂಜೆಗೆ ಅದೇ ಅಕ್ಕೀಲಿ ಪಾಯಸ ಮಾಡಿ ಎಲ್ರೂ ಉಂಡ್ರು. ಈಗ ಎಲ್ಲಿಂದ ತರ್ಲಿ?"

ಅವರ ಮೈದುನ ಅದೇ ಊರಿನ ಪೇಟೆಯಲ್ಲಿದ್ದ. ಮನೆಯ ಹಳೆಯ ಕಾಗದವೇನಾದರೂ ಇದೆಯೇ ಎಂದು ಕೇಳಲು ಹೋದೆ. ಒಳಗೆ ಕರೆಯಲಿಲ್ಲ. "ನಮ್ಮ ಮನೆ ಸೊಸೇರು ಕಚೇರಿ ಮೆಟ್ಲು ಹತ್ತಲ್ಲ. ಹತ್ತೋಳು ನಮ್ಮೋಳಲ್ಲ" ಎಂದು ಬಾಗಿಲಿನಲ್ಲಿಯೇ ಹೇಳಿ ಮುಗಿಸಿದ. ಈ ಮಾತನ್ನು ಅಕ್ಕೋರಿಗೆ ಹೇಗೆ ಮುಟ್ಟಿಸಲಿ ಎಂದು ಯೋಚಿಸುತ್ತ ಶಾಲೆಗೆ ಬಂದೆ. ಬಾಯಾರಿತ್ತು. ಕೊಡ ಬಗ್ಗಿಸಿಕೊಂಡು ನೀರು ಕುಡಿದೆ. ಚಿಕ್ಕಂದಿನ ಅಭ್ಯಾಸ, ಬೆರಳು ತಾನಾಗಿಯೇ ಅಕ್ಷರಗಳ ಮೇಲೆ ಹೋಯಿತು. ಹಾಗೆಯೇ ನಿಂತುಬಿಟ್ಟೆ. ನನ್ನ ಮೂರು ಪುಟದ ಅರ್ಜಿಯಲ್ಲಿ ನಾನೇ ಬರೆದಿದ್ದ ಎರಡು ಹೆಸರುಗಳು ನನ್ನ ಬೆರಳ ಕೆಳಗಿದ್ದವು.

"ಅಕ್ಕೋರೆ, ಈ ಕೊಡ ಯಾರದು?"

"ನಂದೇ. ಮದುವೇಲಿ ತವರಿಂದ ತಂದಿದ್ದು. ನಮ್ಮಪ್ಪ ಮೇಲಿನ ಸಾಲು ಕೊರೆಸಿದ. ಇಲ್ಲಿಗೆ ಬಂದ ಮ್ಯಾಲೆ ನಮ್ಮ ಮಾವ ಕೆಳಗಿನ ಸಾಲು ಕೊರೆಸಿದ್ರು. ಅವು ಎರಡೂ ನಾನೇ ಕಣಪ್ಪ. ನಿಂಗೆ ಗೊತ್ತಿರ್ಲಿಲ್ವ?"

ದಿನಾ ನೀರು ತುಂಬುವ ಕೊಡವೇ ಮದುವೆ ಕಾಲದ ಬರಹವೆಂದು ಅವರಿಗೆ ಹೊಳೆದಿರಲಿಲ್ಲ. ಓದಲು ಕಲಿತ ಹೆಸರು ಯಾರದೆಂದು ತಿಳಿಯಲು ನನಗೆ ಬಿ.ಎ. ಆಗಬೇಕಾಯಿತು.

ಇನ್ನೇನು ಗೆದ್ದೆವು ಎಂದುಕೊಂಡೆ. ಗೆಲುವಿನ ಅವಸರದಲ್ಲಿ ಒಂದು ತಪ್ಪು ಮಾಡಿದೆ. ಅಮಲ್ದಾರರ ಮುಂದೆ ಕರಿಬಿದ್ದ ಕೊಡ ಇಡುವುದೇ? ನಮ್ಮವ್ವನಿಗೆ ಹೇಳಿದೆ. ಅವಳು ಶಾಲೆಯ ಹುಡುಗಿಯರ ತಾಯಂದಿರಿಗೆ ಹೇಳಿದಳು. ನಾಲ್ಕೈದು ಜನ ಹೆಂಗಸರು ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿ ಹಿಡಿದು ಕೂತರು. ನಮ್ಮ ಹೆಂಗಸರು ಪಾತ್ರೆ ತಿಕ್ಕಲು ಕೂತರೆ ಪಾತ್ರೆ ಸೋಲಬೇಕೇ ಹೊರತು ಅವರು ಸೋಲುವುದಿಲ್ಲ. ಒಂದೊಂದು ಚುಕ್ಕೆಗೂ ಕಡ್ಡಿ ಚುಚ್ಚಿ ಕೊಳೆ ತೆಗೆದರು. ಕೊಡ ಈಗಷ್ಟೇ ಅಂಗಡಿಯಿಂದ ತಂದಂತೆ ಹೊಳೆಯಿತು.

ಮರುದಿನ ಕಚೇರಿಗೆ ಹೋದೆವು. ಅಕ್ಕೋರು, ನಾನು, ಕೊಡ. ಜೊತೆಗೆ ಪೇಟೆಯ ಕಲಾಯಿ ಸಾಬರು, ಪಾತ್ರೆಗೆ ಕಲಾಯಿ ಹಾಕಿ ಹೆಸರು ಕೊರೆಯುವ ಮುದುಕ. ಕೆಳಗಿನ ಸಾಲು ಕೊರೆದವರು ಅವರೇ. "ನಡೀರಿ ಹೋಗಾಣ, ನಾನ್ ಬರ್ತೀನಿ. ನನ್ನ ಕೈ ಅಕ್ಷರ ನಾನು ಮರೀತೀನಾ?" ಎಂದು ಉಳಿಯನ್ನೂ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

ಅಮಲ್ದಾರರು ತಾವೂ ಬಿ.ಎ. ಓದಿದವರು. ನನ್ನನ್ನು ಕಂಡು ಜವಾನನಿಂದ ಕುರ್ಚಿ ತರಿಸಿದರು. ಕಂಬಳಿ ನೇಯುವವನ ಮಗನಿಗೆ ಅಮಲ್ದಾರರ ಎದುರು ಕುರ್ಚಿ. ನಮ್ಮಪ್ಪ ಆ ಕಚೇರಿಯಲ್ಲಿ ಚಪ್ಪಲಿಯನ್ನು ಕಂಪೌಂಡಿನ ಆಚೆ ಬಿಟ್ಟು ಬರುತ್ತಿದ್ದವನು. ನನಗೆ ಕೂರುವ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಅಕ್ಕೋರು ನಿಂತಿದ್ದರು. ನಾನು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತೇ ಇದ್ದೆ.

"ಗಂಡನ ಹೆಸರೇನಮ್ಮ?" ಎಂದು ಅಮಲ್ದಾರರು ಕೇಳಿದರು.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಗಂಡ ತೀರಿಕೊಂಡ ಮೇಲೂ ಹೇಳುವುದಿಲ್ಲ. ಶಿರಸ್ತೇದಾರರು, "ಹೇಳದಿದ್ದರೆ ಬರ್ಕೊಳ್ಳೋದು ಹೇಗೆ?" ಎಂದು ಗೊಣಗಿದರು. ಅಕ್ಕೋರು ಕೈಚಾಚಿ ಅವರ ಮುಂದಿದ್ದ ಲೇಖನಿ ತೆಗೆದುಕೊಂಡು ಗುಂಡಗೆ ಮೂರಕ್ಷರ ಬರೆದರು.

"ಹೇಳಬಾರದು ಅಂತಾರೆ ಸ್ವಾಮಿ. ಬರೀಬಾರದು ಅಂತ ಯಾರೂ ಹೇಳಿಲ್ಲ. ನಮ್ಮ ಅಜ್ಜಿ ಕಾಲದಲ್ಲಿ ಹೆಂಗಸ್ರು ಬರೀತಾರೆ ಅಂತ ಯಾರಿಗೂ ಹೊಳೀಲಿಲ್ಲ, ಕಾಣುತ್ತೆ."

ಅಮಲ್ದಾರರ ಮೀಸೆಯ ಕೆಳಗೆ ನಗು ಸುಳಿಯಿತು. ಆಮೇಲೆ ಕೊಡ ತರಿಸಿಕೊಂಡು ಬೆಳಕಿಗೆ ತಿರುಗಿಸಿ ನೋಡಿದರು. ನಗು ಹೋಯಿತು.

"ಇದು ಮೊನ್ನೆ ಕೊರೆಸಿದ ಹಾಗಿದೆಯಲ್ಲಮ್ಮ. ಚುಕ್ಕೆಯೊಳಗೆ ಒಂದು ಕಾಳು ಮಣ್ಣಿಲ್ಲ. ಇದನ್ನು ಹಳೇದು ಅಂತ ನಾನು ಹೇಗೆ ರುಜು ಹಾಕಲಿ?"

ಇಪ್ಪತ್ತೈದು ವರ್ಷದ ಸಾಕ್ಷಿಯನ್ನು ನಾನೇ ಹುಣಸೆಹಣ್ಣು ಹಚ್ಚಿ ತೊಳೆಸಿದ್ದೆ. ಸಾಬರು ಮುಂದೆ ಬಂದು, "ಹುಜೂರ್, ಕೆಳಗಿನ ಸಾಲು ನಂದು. ಇವರ ಮಾವ, ದ್ಯಾವ್ರಂಥ ಮನುಷ್ಯ, ಹೊಸ ಸೊಸೆ ಹೆಸ್ರು ಅಂತ ಹೇಳಿ ಕೊರೆಸಿದ್ರು. ಮೇಲಿಂದು ರಾಯದುರ್ಗದೋನ ಕೈ. ನೋಡ್ರಿ, ಚುಕ್ಕೆ ದೂರ ದೂರ ಇಟ್ಟವ್ನೆ, ಸೋಮಾರಿ" ಎಂದರು.

"ಬಾಯಿಮಾತು" ಎಂದರು ಶಿರಸ್ತೇದಾರರು.

ಅಕ್ಕೋರು ಮುಂದೆ ಬಂದರು. ದನಿ ಏರಿಸಲಿಲ್ಲ. ಪಾಠ ಹೇಳುವಾಗಿನ ದನಿಯೇ ಅದು.

"ಸ್ವಾಮಿ, ಹೊರಗೆ ತಿಕ್ಕಿದ್ದಾರೆ. ಒಳಗೆ ತಿಕ್ಕಿಲ್ಲ. ಈ ಕೊಡದ ಕಂಠ ಕಿರಿದು, ಬಳೆ ತೊಟ್ಟ ಕೈ ಅದರೊಳಕ್ಕೆ ಹೋಗಲ್ಲ. ನಂದು ಬಳೆಯಿಲ್ಲದ ಕೈ. ಅದಕ್ಕೇ ಒಳಗೆ ಹೆಂಗೈತೆ ಅಂತ ನಂಗೆ ಗೊತ್ತು. ಹೊರಗೆ ಉಳಿ ಬಿದ್ದಲ್ಲೆಲ್ಲ ಒಳಗೆ ಉಬ್ಬಿರುತ್ತೆ. ಆ ಉಬ್ಬಿನ ಮ್ಯಾಲೆ ನಮ್ಮೂರ ಉಪ್ಪುನೀರು ಗಾರೆ ಹಂಗೆ ಕಟ್ಟೈತೆ. ಮೊನ್ನೆ ಕೊರೆಸಿದ್ರೆ ಆ ಗಾರೆ ಒಡೆದು ಉದುರಬೇಕಿತ್ತು. ಬೆರಳಿಟ್ಟು ನೋಡ್ರಿ."

ಅಮಲ್ದಾರರು ಮಡಿವಂತರ ಮನೆಯವರು. ಊರವರೆಲ್ಲ ನೀರು ಕುಡಿದ ಕೊಡದೊಳಗೆ ಕೈ ಹಾಕುವುದೆಂದರೆ ಸಣ್ಣ ಮಾತಲ್ಲ. ಅವರು ಕೊಡವನ್ನು ನೋಡಿದರು, ಅಕ್ಕೋರನ್ನು ನೋಡಿದರು. ಬೆರಳಿನ ಉಂಗುರ ತೆಗೆದು ಮೇಜಿನ ಮೇಲಿಟ್ಟರು. ಕೋಟಿನ ತೋಳು ಮಡಿಸಿ ಕೈ ಇಳಿಸಿದರು. ಕಣ್ಣು ಮುಚ್ಚಿಕೊಂಡರು. ಮೊದಲ ತರಗತಿಯಲ್ಲಿ ನಾನು ಹೇಗೆ ಕೂತಿದ್ದೆನೋ ಹಾಗೆಯೇ ಕಂಡರು.

ಬಹಳ ಹೊತ್ತು ತಡಕಿದರು. "ಮೇಲಿನ ಸಾಲಿದೆ" ಎಂದರು. ಆಮೇಲೆ, "ಕೆಳಗಿನದೂ ಇದೆ. ಎರಡರ ಮೇಲೂ ಒಂದೇ ಪದರ, ಬಿರುಕಿಲ್ಲ." ಕೈ ಹೊರಗೆ ತೆಗೆದಾಗ ಉಗುರಿನ ಸಂದಿಯಲ್ಲಿ ಬಿಳಿಯ ಪುಡಿ ಅಂಟಿತ್ತು. ಅದನ್ನು ಒರೆಸಿಕೊಳ್ಳದೆ ಲೇಖನಿ ಎತ್ತಿಕೊಂಡರು.

ಬರೆಯುತ್ತ ತಲೆಯೆತ್ತದೆ ಜವಾನನಿಗೆ ಹೇಳಿದರು: "ಇನ್ನೊಂದು ಕುರ್ಚಿ ತಾರಯ್ಯ. ಅಕ್ಕೋರು ಎಷ್ಟು ಹೊತ್ತು ನಿಲ್ಲಬೇಕು?"

ಅಕ್ಕೋರು ಕೂತರು. ಆಮೇಲೆ ನಾನೂ ಕೂತೆ. ನನ್ನ ಬಿ.ಎ. ಪದವಿಯ ದಿನ ಕಪ್ಪು ನಿಲುವಂಗಿ ತೊಟ್ಟು ಕೂತದ್ದಕ್ಕಿಂತ ಆ ಕಚೇರಿಯ ಮುರುಕು ಕುರ್ಚಿಯಲ್ಲಿ ಅವರ ಪಕ್ಕ ಕೂತದ್ದು ನನಗೆ ಹೆಚ್ಚಿನದು. ದಾರಿಯಲ್ಲಿ ಅವರು ಕೊಡವನ್ನು ತಾವೇ ಸೊಂಟದ ಮೇಲಿಟ್ಟುಕೊಂಡು, ಬೇಕೆಂದೇ ಪೇಟೆಯ ಬೀದಿಯಲ್ಲಿ, ಮೈದುನನ ಮನೆಯ ಮುಂದೆಯೇ ನಡೆದರು. ಅವನು ಜಗಲಿಯ ಮೇಲಿದ್ದ. ಅಕ್ಕೋರು ನಿಲ್ಲಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಬಿಸಿಲಿಗೆ ಕೊಡ ಹೊಳೆಯುತ್ತಿತ್ತು.

"ತಿಕ್ಕಿಸಿದ್ದು ಒಳ್ಳೇದೇ ಆಯ್ತು ಬಿಡಪ್ಪ" ಎಂದರು.

ಆಮೇಲೆ ಇಪ್ಪತ್ತು ವರ್ಷಕ್ಕೂ ಮೀರಿ ಅವರು ಆ ಶಾಲೆಯಲ್ಲಿ ಪಾಠ ಹೇಳಿದರು. ಅವರ ಕೈಯಲ್ಲಿ ಅಕ್ಷರ ತೀಡಿದ ಹುಡುಗಿಯರು ಯಲ್ಲದಕೆರೆಗೂ ಹೊಸದುರ್ಗಕ್ಕೂ ಸೊಸೆಯರಾಗಿ ಹೋದರು, ಹೊಸ ಹೆಸರು ಪಡೆದರು. ಮದುವೆಗೆ ಮುಂಚೆ ಒಬ್ಬೊಬ್ಬಳನ್ನೂ ಕರೆದು ಅಕ್ಕೋರು ಹೇಳುತ್ತಿದ್ದ ಮಾತು ಒಂದೇ: "ಹೊಸ ಹೆಸ್ರು ಇಟ್ಕಳವ್ವ, ಬ್ಯಾಡ ಅನ್ನಬ್ಯಾಡ. ಆದ್ರೆ ಎರಡನ್ನೂ ಒಂದೇ ಕಡೆ ಬರೆದಿಟ್ಕ."

ನಾನು ಹೊಳಲ್ಕೆರೆಯಲ್ಲಿ ಹೆಡ್‌ಮಾಸ್ತರನಾಗಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ಸುದ್ದಿ ಕೇಳಿದ ಗಳಿಗೆಯಲ್ಲೇ ಎದ್ದು ಮೋಟಾರು ಹಿಡಿದು ಹಿರಿಯೂರು ಮುಟ್ಟುವಷ್ಟರಲ್ಲಿ ಸಮಾಧಿಯಾಗಿತ್ತು. ಮಣ್ಣಿಗೆ ಕೈಮುಗಿದು ಶಾಲೆಗೆ ಬಂದೆ. ಜಗಲಿಯ ಮೂಲೆಯಲ್ಲಿ ಕೊಡ ಬೋರಲು ಬಿದ್ದಿತ್ತು. ನೀರು ತುಂಬುವ ಸರದಿಯ ಹುಡುಗಿಯೊಬ್ಬಳು ಅದರ ಪಕ್ಕ ಕೂತಿದ್ದಳು.

"ಸಾರ್, ತಳದಾಗೆ ಬರ್ದಿರೋದು ನೋಡಿದ್ದೀರಾ?" ಎಂದು ಕೇಳಿದಳು. "ತೊಳೆಯೋರಿಗೆ ಮಾತ್ರ ಗೊತ್ತು. ಕಚೇರಿಯಿಂದ ಬಂದ ವಾರದಲ್ಲೇ ಸಾಬ್ರ ಹತ್ರ ಕೊರೆಸಿದ್ರಂತೆ. ಅಕ್ಕೋರೇ ಹೇಳಿದ್ರು."

ಅಷ್ಟು ವರ್ಷ ಆ ಕೊಡದ ನೀರು ಕುಡಿದರೂ ನಾನು ಅದನ್ನು ತಲೆಕೆಳಗೆ ಮಾಡಿ ನೋಡಿರಲಿಲ್ಲ. ತಳದ ಗುಣಿಯಲ್ಲಿ ಸಣ್ಣದಾಗಿ ಮೂರನೆಯ ಸಾಲೊಂದಿತ್ತು. ನನಗಾಗಲೇ ಓದಲು ಕನ್ನಡಕ ಬೇಕಾಗಿತ್ತು. ಅವಸರದಲ್ಲಿ ಹೊರಟವನು ಅದನ್ನು ಹೊಳಲ್ಕೆರೆಯಲ್ಲೇ ಮರೆತು ಬಂದಿದ್ದೆ. ನೆಲದ ಮೇಲೆ ಕೂತು ಬೆರಳಿಟ್ಟು ಓದಿದೆ.

'ಅಕ್ಕೋರು, ಮೈಸೂರು ಸೀಮೆ.'