ಮಲ್ಲಿಗೆ ತೋಟದ ಬದು

ಕೊಟ್ರಬಸಮ್ಮನ ಮೈಗೆ ನುಸಿಯ ಕಡಿತ ಆಗಿಬರುತ್ತಿರಲಿಲ್ಲ. ಬೇರೆಯವರಿಗೆ ಕಡಿದರೆ ಸಾಸಿವೆ ಕಾಳಿನಷ್ಟು ಕೆಂಪಾಗಿ ಸಂಜೆಯೊಳಗೆ ಇಳಿದುಹೋಗುತ್ತಿತ್ತು. ಅವಳಿಗೆ ಮಾತ್ರ ಬೋರೆಹಣ್ಣಿನಷ್ಟು ಬಾತು, ಕೆರೆದು ಕೆರೆದು ಕೀವಾಗಿ, ಕಲೆ ಉಳಿದು ಹೋಗುತ್ತಿತ್ತು. ತವರು ಕಾನಹೊಸಹಳ್ಳಿ ಕಡೆಯ ಒಣಭೂಮಿ. ಅಲ್ಲಿ ಶೇಂಗಾ ಕೀಳುವಾಗ ಇಂಥದ್ದೆಲ್ಲ ಅವಳಿಗೆ ಗೊತ್ತೇ ಇರಲಿಲ್ಲ. ಹಡಗಲಿ ತಾಲೂಕಿನ ಹೊಳೆದಂಡೆಯ ಊರಿಗೆ ಮದುವೆಯಾಗಿ ಬಂದು, ಮೊದಲ ಸಲ ಮಲ್ಲಿಗೆ ತೋಟಕ್ಕೆ ಇಳಿದ ದಿನವೇ ಅವಳ ಎರಡೂ ಕೈ ಊದಿಕೊಂಡು ಬಳೆ ಒಡೆಯಬೇಕಾಯಿತು. ಹೊಸ ಮದುವಣಗಿತ್ತಿ ಬಳೆ ಒಡೆದಳೆಂದು ಅತ್ತೆ ಮುಖ ಸಿಂಡರಿಸಿದ್ದಳು.

ಹೂವಿನ ಕೆಲಸ ಬಿಡುವ ಹಾಗಿರಲಿಲ್ಲ. ಮಲ್ಲಿಗೆ ಮೊಗ್ಗು ಬಿಸಿಲೇರುವ ಮೊದಲೇ ಕೊಯ್ಯಬೇಕು. ನುಸಿ ಹಿಂಡುಹಿಂಡಾಗಿ ಏಳುವುದೂ ಅದೇ ಹೊತ್ತಿಗೆ. ಗಿಡದ ಟೊಂಗೆ ಸರಿಸಿದರೆ ಸಾಕು, ಎಲೆಯ ಕೆಳಗಿಂದ ಬೂದಿ ಚೆಲ್ಲಿದ ಹಾಗೆ ಮುಖಕ್ಕೆ ಬಂದು ಮುತ್ತುತ್ತಿದ್ದವು. ಕಣ್ಣಿಗೆ, ಮೂಗಿಗೆ, ರವಿಕೆಯ ತೋಳಿನೊಳಗೆ. ಎರಡೂ ಕೈ ಹೂವಿನಲ್ಲಿರುವಾಗ ಹೊಡೆದುಕೊಳ್ಳುವುದಕ್ಕೂ ಆಗುವುದಿಲ್ಲ.

ಹೀಗಾಗಿ ಕೊಟ್ರಬಸಮ್ಮ ತನ್ನದೇ ಒಂದು ವೇಷ ಮಾಡಿಕೊಂಡಳು. ಗಂಡ ಮಂಜಣ್ಣನ ಹಳೆಯ ತುಂಬುತೋಳಿನ ಅಂಗಿಯನ್ನು ರವಿಕೆಯ ಮೇಲೆ ಹಾಕಿ, ಮುಂಗೈ ಹತ್ತಿರ ದಾರ ಸುತ್ತುತ್ತಿದ್ದಳು. ಕಾಲಿಗೆ ಮೊಣಕಾಲುದ್ದದ ಸಾಕ್ಸ್. ತಲೆಗೂ ಕಿವಿಗೂ ಸೇರಿಸಿ ಬಿಳಿ ಪಂಚೆಯ ತುಂಡು. ಉಳಿದ ಮುಖಕ್ಕೆ, ಕತ್ತಿಗೆ ಬೇವಿನೆಣ್ಣೆ ಮತ್ತು ಕೊಬ್ಬರಿ ಎಣ್ಣೆ ಕೂಡಿಸಿ ಕಾಸಿದ್ದನ್ನು ಬಳಿದುಕೊಳ್ಳುತ್ತಿದ್ದಳು. ಗಾಳಿ ಬರುವ ದಿಕ್ಕಿಗೆ ಒಡಕು ಗಡಿಗೆಯಲ್ಲಿ ಸಗಣಿಯ ಕುಳ್ಳು, ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸಿಯೇ ಗಿಡಕ್ಕೆ ಕೈಹಾಕುತ್ತಿದ್ದದ್ದು. ಅಷ್ಟು ಮಾಡಿದ ಮೇಲೆ ಅವಳ ಹತ್ತಿರ ನುಸಿಯೂ ಸುಳಿಯುತ್ತಿರಲಿಲ್ಲ, ಮನುಷ್ಯರೂ ಸುಳಿಯುತ್ತಿರಲಿಲ್ಲ. ಬೇವಿನೆಣ್ಣೆಯ ವಾಸನೆ ಅಂಥದ್ದು.

ಊರವರು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಗೀತಮ್ಮ. ಮಂಜಣ್ಣನ ತಮ್ಮ ಹುಲುಗೇಶನ ಹೆಂಡತಿ, ಹರಪನಹಳ್ಳಿ ತಾಲೂಕಿನ ತೆಲಿಗಿಯವಳು. ಕೊಟ್ರಬಸಮ್ಮನಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ನಗುವಾಗ ಕೈಯಲ್ಲಿದ್ದ ಮೊಗ್ಗು ಚೆಲ್ಲಿದರೂ ಲೆಕ್ಕವಿಲ್ಲ.

"ಅಕ್ಕಾ, ನೀನು ಹೂವು ಕೊಯ್ಯಾಕೆ ಬಂದೀಯೋ, ಜೇನು ಕೀಳಾಕೆ ಬಂದೀಯೋ?"

"ನಗು, ನಗು. ನಿನ್ನ ಚರ್ಮ ಎಮ್ಮಿ ಚರ್ಮ, ನಿನಗೇನು ಗೊತ್ತಾಕ್ಕತಿ?"

ಗೀತಮ್ಮ ತೋಳು ಮಡಿಸಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಗಿಡದ ಸಾಲಿನೊಳಗೆ ನುಗ್ಗುತ್ತಿದ್ದಳು. ನುಸಿ ಅವಳಿಗೂ ಕಡಿಯುತ್ತಿದ್ದವು. ಅವಳು ಲೆಕ್ಕಕ್ಕೆ ಇಡುತ್ತಿರಲಿಲ್ಲ, ಅಷ್ಟೆ. ಹಾಗಿದ್ದರೂ ಓರಗಿತ್ತಿಯರಲ್ಲಿ ಪ್ರೀತಿಯಿತ್ತು. ಗೀತಮ್ಮನ ಹೆರಿಗೆಯಲ್ಲಿ ಮಗುವನ್ನು ಮೊದಲು ಎತ್ತಿಕೊಂಡವಳು ಕೊಟ್ರಬಸಮ್ಮ.

ಮಾವ ತೀರಿಕೊಂಡ ಮೇಲೆ ತೋಟ ಎರಡಾಯಿತು. ನಡುವೆ ಒಂದು ಬದು ಹಾಕಿದರು. ಮೊದಲ ವರ್ಷ ಹುಲುಗೇಶ ಬದುವಿನ ಹುಲ್ಲು ಕೆತ್ತಿದ. ಕೆತ್ತುವಾಗ ಅಣ್ಣನ ಕಡೆಯ ಮಣ್ಣು ಸವರಿ ಗೇಣು ನೆಲ ಒತ್ತಿಕೊಂಡ ಎಂದು ಮಂಜಣ್ಣ ಜಗಳ ತೆಗೆದ. ಪಂಚಾಯಿತಿ ಕಟ್ಟೆಯ ಮುಂದೆ ಅಣ್ಣತಮ್ಮಂದಿರು ಒಬ್ಬರ ಅಂಗಿ ಒಬ್ಬರು ಹಿಡಿದರು.

"ಇನ್ನೊಮ್ಮೆ ಬದುವಿಗೆ ಕುರ್ಪಿ ಹಚ್ಚಿದ್ರ ಕೈ ಮುರೀತೀನಲೇ," ಅಂದ ಮಂಜಣ್ಣ.

"ಹಚ್ಚಂಗಿಲ್ಲ. ನೀನೂ ಹಚ್ಚಬ್ಯಾಡ. ಆ ಹುಲ್ಲು ಬಾನಿಗೆ ಬೆಳೀಲಿ," ಅಂದ ಹುಲುಗೇಶ.

ಇಬ್ಬರೂ ಆ ಮಾತನ್ನು ಉಳಿಸಿಕೊಂಡರು. ಬದುವಿನ ಮೇಲೆ ಹುಲ್ಲು ಎದೆಯೆತ್ತರ ಬೆಳೆಯಿತು. ಜೊತೆಗೆ ಮುಳ್ಳುಗಿಡ, ಬಳ್ಳಿ, ಇಲಿ ಹೆಗ್ಗಣದ ಬಿಲ. ಹೆಂಗಸರಿಗೂ ಮಾತು ನಿಂತಿತು. ಗಂಡಂದಿರು ಮನೆಯಲ್ಲಿ ಕೂತು ಕೇಳುತ್ತಿದ್ದರು: ಆಕಿ ಏನಂದ್ಲು, ನೀನ್ಯಾಕ ನಕ್ಕಿ. ಅದಕ್ಕಿಂತ ಸುಮ್ಮನಿರುವುದೇ ವಾಸಿ ಎಂದು ಇಬ್ಬರೂ ಸುಮ್ಮನಾದರು. ಬೆಳಗಿನ ಹೊತ್ತು ಬದುವಿನ ಈಚೆ ಒಬ್ಬಳು, ಆಚೆ ಒಬ್ಬಳು. ಹುಲ್ಲಿನ ಮೇಲೆ ಬರೀ ತಲೆ ಕಾಣುತ್ತಿತ್ತು.

ಗೀತಮ್ಮನ ಪಾಲಿನಲ್ಲಿ ನೆರಳಿಗೆ ಮರವಿರಲಿಲ್ಲ. ಮೊಗ್ಗು ಕೊಯ್ದಾದ ಮೇಲೆ ಅವಳು ಬದುವಿಗೆ ಬಂದು, ಹುಲ್ಲು ತುಳಿದು ಮೆತ್ತಗೆ ಮಾಡಿಕೊಂಡು, ಅದರ ಮೇಲೇ ಕೂತು ಮೊಗ್ಗಿನೊಳಗಿನ ಎಲೆ ಕಸ ಆರಿಸುತ್ತಿದ್ದಳು. ದಿನಾ ಅಲ್ಲೇ. ಎತ್ತರದ ಹುಲ್ಲೇ ಅವಳಿಗೆ ನೆರಳು.

ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಒಂದು ಬೆಳಿಗ್ಗೆ ಹುಲ್ಲಿನಾಚೆಯಿಂದ ಗೀತಮ್ಮನ ದನಿ ಬಂತು. ಎಷ್ಟೋ ತಿಂಗಳ ಮೇಲೆ.

"ಅಕ್ಕಾ."

ಕೊಟ್ರಬಸಮ್ಮ ಸುತ್ತ ನೋಡಿದಳು. ಯಾರೂ ಇರಲಿಲ್ಲ. "ಏನು?"

"ನಿನ್ನ ಆ ನಾರೋ ಎಣ್ಣೆ ಸ್ವಲ್ಪ ಕೊಡ್ತೀಯಾ? ಸೀರೆ ಕಟ್ಟೋ ಜಾಗದಾಗೆ ಏನೋ ಕಡಿದೈತೆ."

"ತೋರ್ಸು."

"ಥೂ, ಹೊಲದಾಗೆ ಸೀರೆ ಬಿಚ್ಚಲೇನು? ಸಣ್ಣದು. ನೋವೂ ಇಲ್ಲ, ತುರಿಕೇನೂ ಇಲ್ಲ. ಕಪ್ಪಗೆ ಆಗೈತೆ ನೋಡು, ಅದಕ್ಕೇ ಕೇಳಿದೆ."

ಕೊಟ್ರಬಸಮ್ಮ ಎಣ್ಣೆಯ ಸೀಸೆಯನ್ನು ಹುಲ್ಲಿನ ಮೇಲಿಂದ ಚಾಚಿದಳು. ಗೀತಮ್ಮ ತಿರುಗಿ ನಿಂತು ಸೊಂಟಕ್ಕೆ ಹಚ್ಚಿಕೊಂಡು ಸೀಸೆ ವಾಪಸು ಕೊಟ್ಟಳು. ಇಬ್ಬರಿಗೂ ಸಮಾಧಾನವಾಯಿತು. ಮಾತು ಮತ್ತೆ ಹುಟ್ಟಿದ ಸಮಾಧಾನವೂ ಅದರಲ್ಲಿತ್ತು. ಕಡಿಯುವುದಕ್ಕೆ ಮುಂಚೆ ಹಚ್ಚುವ ಎಣ್ಣೆ ಅದು. ಕಡಿದದ್ದು ಒಳಗೆ ಬಿಟ್ಟುಹೋದದ್ದನ್ನು ಅದು ಏನೂ ಮಾಡಲಾರದು ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ. ಕೊಟ್ರಬಸಮ್ಮನಿಗೆ ಗೊತ್ತಿದ್ದದ್ದು ಹಾರುವ ನುಸಿ. ಹುಲ್ಲಿನ ಬುಡದಲ್ಲಿ ಕಣ್ಣಿಗೂ ಕಾಣದಷ್ಟು ಸಣ್ಣದಾಗಿ ಹರಿದಾಡುವ ನುಸಿಯೊಂದಿದೆ ಎಂದು ಅವಳಿಗೂ ಯಾರೂ ಹೇಳಿರಲಿಲ್ಲ.

ಮುಂದಿನ ವಾರ ಗೀತಮ್ಮನಿಗೆ ಜ್ವರ ಬಂತು. ತಲೆ ಸಿಡಿಯುವ ಜ್ವರ. ಊರಿನಲ್ಲಿ ಸೂಜಿ ಹಾಕುವವನೊಬ್ಬ ಇದ್ದ. ಅವನು ಬಂದು ಸೊಂಟಕ್ಕೆ ಸೂಜಿ ಚುಚ್ಚಿ, ಟೈಫಾಯಿಡ್ ಇದ್ದರೂ ಇರಬಹುದು ಅಂದ. ಸೂಜಿ ಹಾಕಿಸಿಕೊಳ್ಳುವಾಗಲೂ ಅವಳು ಸೀರೆಯನ್ನು ಬೇಕಾದಷ್ಟೇ ಸರಿಸಿದಳು. ಸೂಜಿ ಹಾಕಿದ ಮೇಲೆ ಅರ್ಧ ದಿನ ಜ್ವರ ಇಳಿಯುವುದು, ಅವಳು ಎದ್ದು ತೋಟಕ್ಕೆ ಬರುವುದು, ಮತ್ತೆ ಏರುವುದು, ಹೀಗೇ ನಡೆಯಿತು. ಹೂವಿನ ಸುಗ್ಗಿ. ಮೊಗ್ಗು ಒಂದು ದಿನ ಕಾಯುವುದಿಲ್ಲ.

"ಮನಿಗೆ ಹೋಗಿ ಬಿದ್ಕೊ," ಅಂದಳು ಕೊಟ್ರಬಸಮ್ಮ ಹುಲ್ಲಿನಾಚೆಗೆ. "ಹಡಗಲಿಗೆ ಹೋಗಿ ತೋರಿಸ್ಕೊ."

"ನಾಳೆ ಹೋಗ್ತೀನಿ. ಇವತ್ತು ಈ ಸಾಲು ಮುಗಿಸಿ."

ಮರುದಿನ ಆಚೆ ತಲೆ ಕಾಣಲಿಲ್ಲ. ಬುಟ್ಟಿ ಮಾತ್ರ ಸಾಲಿನ ನಡುವೆ ಇತ್ತು. ಕೊಟ್ರಬಸಮ್ಮ ಎರಡು ಸಲ ಕರೆದಳು. ಆಮೇಲೆ ಹುಲ್ಲು ಬಗಿದುಕೊಂಡು ಬದು ದಾಟಿದಳು. ಗೀತಮ್ಮ ಗಿಡದ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು. ತುಟಿ ಒಣಗಿ ಬಿರಿದಿತ್ತು. ನುಸಿಗಳು ಅವಳ ರೆಪ್ಪೆಯ ಮೇಲೆ ಕೂತಿದ್ದವು, ಅವಳು ರೆಪ್ಪೆ ಬಡಿಯುತ್ತಿರಲಿಲ್ಲ. ಕೊಟ್ರಬಸಮ್ಮ ತಲೆಗೆ ಕಟ್ಟಿದ್ದ ಪಂಚೆ ಬಿಚ್ಚಿ ಅವಳ ಮುಖ ಮುಚ್ಚಿದಳು. ಮುಚ್ಚಿದ ಕೂಡಲೇ ಹೆಣಕ್ಕೆ ಮುಚ್ಚಿದ ಹಾಗೆ ಕಂಡು, ಕಿತ್ತೆಸೆದು, ಕೈಯಿಂದಲೇ ನುಸಿ ಓಡಿಸುತ್ತ ಕೂಗಿಕೊಂಡಳು.

ಆಟೋದಲ್ಲಿ ಹಡಗಲಿ. ಅಲ್ಲಿಂದ ಆಂಬುಲೆನ್ಸಿನಲ್ಲಿ ದಾವಣಗೆರೆ. ಹುಲುಗೇಶ ಮುಂದೆ ಕೂತಿದ್ದ. ಹಿಂದೆ ಕೊಟ್ರಬಸಮ್ಮನ ತೊಡೆಯ ಮೇಲೆ ಗೀತಮ್ಮನ ತಲೆ. ಹರಪನಹಳ್ಳಿ ದಾಟುವಾಗ ಗೀತಮ್ಮ ತೆಲಿಗಿಯ ಮನೆಯ ಎಮ್ಮೆಯನ್ನು ಹೆಸರು ಹಿಡಿದು ಕರೆದು, ನೀರಿಗೆ ಬಿಡಬ್ಯಾಡ್ರೋ, ಕೆಸರಾಗೆ ಹುಗೀತೈತೆ ಅಂದಳು. ಆಮೇಲೆ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸಿದ ನರ್ಸು ಡಾಕ್ಟರನ್ನು ಕರೆದಳು. ಸೀರೆಯ ನೆರಿಗೆ ಸಿಕ್ಕಿಸುವ ಜಾಗದ ಪಕ್ಕದಲ್ಲಿ ಬೀಡಿಯಿಂದ ಸುಟ್ಟ ಹಾಗೆ ದುಂಡನೆಯ ಕರಿ ಗುರುತು, ಸುತ್ತ ಕೆಂಪು. ಡಾಕ್ಟರು ವಯಸ್ಸಾದವರು. ಹುಲುಗೇಶನನ್ನೂ ಕೊಟ್ರಬಸಮ್ಮನನ್ನೂ ಹೊರಗೆ ನಿಲ್ಲಿಸಿ ಕೇಳಿದರು.

"ಇದು ಯಾವಾಗಿಂದ ಐತೆ?"

ಹುಲುಗೇಶನಿಗೆ ಗೊತ್ತಿರಲಿಲ್ಲ. ಕೊಟ್ರಬಸಮ್ಮ ಹೇಳಿದಳು. ಎಣ್ಣೆ ಹಚ್ಚಿದ್ದನ್ನೂ ಹೇಳಿದಳು.

"ಹುಲ್ಲಿನಲ್ಲಿ ಇರೋ ನುಸಿ ಕಡಿದು ಬರೋ ಜ್ವರ ಇದು. ಮೊದಲೇ ತಿಳಿದಿದ್ರೆ ಮಾತ್ರೆಯಲ್ಲೇ ಹೋಗ್ತಿತ್ತು. ಈಗ ಕಿಡ್ನಿ, ಶ್ವಾಸಕೋಶ ಎಲ್ಲಾ ಹಿಡಿದೈತೆ. ನಾವು ಮಾಡೋದು ಮಾಡ್ತೀವಿ." ಆಮೇಲೆ ಕೇಳಿದರು: "ಹುಲ್ಲಿನ ಮೇಲೆ ಕೂರೋದು, ಮಲಗೋದು ಏನಾದ್ರೂ ಇತ್ತಾ?"

ಕೊಟ್ರಬಸಮ್ಮ ಮೈದುನನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. "ಬದುವಿನ ಮ್ಯಾಲೆ ಕುಂದರ್ತಿದ್ಲು ಸರ್," ಅಂದಳು ಅವಳೇ.

ಮರುದಿನ ಮಧ್ಯಾಹ್ನ ಗೀತಮ್ಮ ತೀರಿಕೊಂಡಳು.

ಮಣ್ಣು ಮಾಡಿ ಬಂದ ಸಂಜೆ ಇಡೀ ಊರಿಗೆ ವಾಸನೆ ಹಬ್ಬಿತ್ತು. ಎರಡೂ ತೋಟದಲ್ಲಿ ಕೊಯ್ಯುವವರಿಲ್ಲದೆ ಮೊಗ್ಗೆಲ್ಲ ಗಿಡದಲ್ಲೇ ಅರಳಿಬಿಟ್ಟಿದ್ದವು. ಮಲ್ಲಿಗೆಯ ಊರಿನಲ್ಲಿ ಅರಳಿದ ಮಲ್ಲಿಗೆಯನ್ನು ಅಷ್ಟೊಂದು ಯಾರೂ ನೋಡಿರಲಿಲ್ಲ, ಅವು ಮೊಗ್ಗಾಗಿಯೇ ಬಸ್ಸು ಹತ್ತುವಂಥವು. ಸಾವಿನ ಮನೆಗೆ ಬಂದ ತೆಲಿಗಿಯ ಹೆಂಗಸರು ಸೆರಗು ಮೂಗಿಗೆ ಹಿಡಿದು ಕೂತರು. ಹೋಗುವಾಗ ಅವರು ಗೀತಮ್ಮನ ಮಗಳನ್ನೂ ಕರೆದುಕೊಂಡು ಹೋದರು. ಹುಲುಗೇಶ ತಡೆಯಲಿಲ್ಲ. ಕೊಟ್ರಬಸಮ್ಮ, "ನನ್ನ ಹತ್ರ ಇರಲಿ," ಅಂದಾಗ ಗೀತಮ್ಮನ ತಾಯಿ ಒಂದೇ ಮಾತು ಕೇಳಿದಳು: "ನೀವು ಮೈತುಂಬ ಮುಚ್ಕೊಂಡು, ನನ್ನ ಮಗಳಿಗೆ ಒಂದು ಅಂಗಿ ಕೊಡಾಕೆ ಆಗಲಿಲ್ಲೇನಮ್ಮಾ?" ಗೀತಮ್ಮ ಎಂದೂ ಕೇಳಲಿಲ್ಲ, ಕೊಟ್ಟರೂ ಹಾಕುತ್ತಿರಲಿಲ್ಲ ಎಂದು ಕೊಟ್ರಬಸಮ್ಮ ಹೇಳಬಹುದಿತ್ತು. ಮಗಳನ್ನು ಕಳೆದುಕೊಂಡವಳ ಹತ್ತಿರ ಅದನ್ನು ಹೇಳುವುದು ಹೇಗೆ?

ದಿನಕರ್ಮ ಮುಗಿದ ಬೆಳಿಗ್ಗೆ ಅವಳು ಕುಡುಗೋಲು ಹಿಡಿದು ಬದುವಿಗೆ ಹೋದಳು. ಮಂಜಣ್ಣ ಹಿಂದೆಯೇ ಓಡಿಬಂದ.

"ಏನ್ ಮಾಡಾಕತ್ತೀ? ಅವನು ನೋಡಿದ್ರ ಏನಂತಾನ?"

"ಏನಾರ ಅನ್ಲಿ."

"ಮಾತು ಅಂದ್ರ ಮಾತು ಇರಬೇಕು. ನಾವು ಕೊಯ್ದ್ರ ಸೋತಂಗ."

ಕೊಟ್ರಬಸಮ್ಮ ಕುಡುಗೋಲು ಅವನ ಮುಂದೆ ಹಿಡಿದಳು. "ಹಂಗಂದ್ರ ನನ್ನ ಕೈ ಮುರೀರಿ. ಅವತ್ತ ಅಂದೀರಲ್ಲ."

ಮಂಜಣ್ಣ ಮುರಿಯಲೂ ಇಲ್ಲ, ನೆರವಾಗಲೂ ಇಲ್ಲ. ಮೋಟಾರಿನ ಗುಡಿಸಲ ಹತ್ತಿರ ಹೋಗಿ ಬೆನ್ನು ಮಾಡಿ ಕೂತ. ಅವಳು ಈ ತುದಿಯಿಂದ ಆ ತುದಿಯವರೆಗೆ ಕೊಯ್ದು, ಒಣಗಿಸಿ, ಸುಟ್ಟಳು. ಆಚೆಯಿಂದ ಹುಲುಗೇಶ ನೋಡಿದ. ನೋಡಿ ಊರ ಕಡೆ ನಡೆದ. ಬೋಳಾದ ಬದು ಒಂದು ಮೊಳ ಅಗಲವೂ ಇರಲಿಲ್ಲ.

ಹುಲುಗೇಶ ಆ ವರ್ಷವೇ ತನ್ನ ಪಾಲಿನ ಮಲ್ಲಿಗೆಯನ್ನೆಲ್ಲ ಜೆಸಿಬಿ ತರಿಸಿ ಬುಡಸಮೇತ ಕೀಳಿಸಿ ಮೆಕ್ಕೆಜೋಳ ಹಾಕಿದ. ಅಣ್ಣತಮ್ಮಂದಿರ ಮಾತು ಇವತ್ತಿಗೂ ಕೂಡಿಲ್ಲ.

ಮುಂದಿನ ಮಳೆಗಾಲದಲ್ಲಿ ಹೂವು ಕೊಯ್ಯುವ ಕೂಲಿಗೆ ಬರುತ್ತಿದ್ದ ಶರೀಫಾ ಬೀಗೆ ಜ್ವರ ಬಂತು. ಮೂರನೆಯ ದಿನವೂ ಇಳಿಯಲಿಲ್ಲವೆಂದು ಕೇಳಿ ಕೊಟ್ರಬಸಮ್ಮ ಅವಳ ಮನೆಗೇ ಹೋಗಿ ಬಾಗಿಲು ಹಾಕಿದಳು.

"ಸೀರಿ ತಗಿ."

"ಹಾಯ್ ಅಲ್ಲಾ! ಏನಕ್ಕಾ, ಹುಚ್ಚು ಹಿಡಿದೈತೇನು ನಿನಗ?"

"ಹಿಡಿದೈತಿ ಅನ್ಕೊ. ತಗಿ."

ಶರೀಫಾ ಬೀ ನಾಚಿಕೆಯಿಂದ ಅತ್ತುಬಿಟ್ಟಳು. ಕರಿ ಗುರುತು ಕಂಕುಳಲ್ಲಿ ಇತ್ತು. ಅವತ್ತೇ ಹಡಗಲಿಗೆ ಕರೆದುಕೊಂಡು ಹೋಗಿ ಗುರುತನ್ನು ತೋರಿಸಿದರು. ಮಾತ್ರೆ ಕೊಟ್ಟರು. ಶರೀಫಾ ಬೀ ಬದುಕಿದಳು. ಆದರೆ ಆಮೇಲೆ ಆ ತೋಟದ ಕೂಲಿಗೆ ಬರಲಿಲ್ಲ. ಮನೆಯವರು ಬೇಡವೆಂದರು. ಇನ್ನೂ ಕೆಲವರು ಬಿಟ್ಟರು. ಆ ತೋಟದಲ್ಲಿ ಏನೋ ಇದೆ ಎಂಬ ಮಾತು ಹುಟ್ಟಿತು. ಉಳಿದವರಿಗೆ ಕೊಟ್ರಬಸಮ್ಮ ತುಂಬುತೋಳು, ಸಾಕ್ಸ್ ಇಲ್ಲದೆ ಸಾಲಿಗೆ ಇಳಿಯಬಾರದು, ನೆಲದ ಮೇಲೆ ಗೋಣಿತಟ್ಟು ಹಾಸದೆ ಕೂರಬಾರದು, ಮನೆಗೆ ಹೋದ ಕೂಡಲೇ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ ಸ್ನಾನ ಮಾಡಬೇಕು ಎಂದು ಹೇಳುತ್ತಾಳೆ. ಕೆಲವರು ಕೇಳುತ್ತಾರೆ. ಸೆಕೆ ಎಂದು ಅರ್ಧದಲ್ಲೇ ಅಂಗಿ ಬಿಚ್ಚುವವರೂ ಇದ್ದಾರೆ. ಅಂಥವರನ್ನು ಅವಳು ಬಾಯಿಗೆ ಬಂದಂತೆ ಬೈಯುತ್ತಾಳೆ. ಮೊದಲು ಅವಳು ಹಾಗೆ ಬೈಯುವವಳಾಗಿರಲಿಲ್ಲ.

ಹೋದ ಸಂಕ್ರಾಂತಿಯ ಆಸುಪಾಸು ಬಸ್‌ಸ್ಟ್ಯಾಂಡಿನಲ್ಲಿ ಹುಲುಗೇಶ ಎದುರಾದ. ತೆಲಿಗಿಗೆ ಮಗಳನ್ನು ನೋಡಲು ಹೊರಟಿದ್ದ. ದಾಟಿಹೋದವನು ತಿರುಗಿ ಬಂದು ಅವಳ ಮುಂದೆ ನಿಂತ.

"ಅತ್ತಿಗೀ, ಆಕಿಗೆ ಅದು ಕಡಿದಾಗ... ಭಾಳ ನೋವಾಗಿತ್ತೇನು?"

"ಇಲ್ಲಪಾ," ಅಂದಳು ಕೊಟ್ರಬಸಮ್ಮ. "ಒಂಚೂರೂ ನೋವಾಗಿಲ್ಲಂತ."

ಅವನು ತಲೆಯಾಡಿಸಿದ. ಹರಪನಹಳ್ಳಿ ಬಸ್ಸು ಬಂತು. ಹತ್ತಿ, ಕಿಟಕಿಯ ಹತ್ತಿರ ಜಾಗ ಇದ್ದರೂ ಅವಳಿಗೆ ಮುಖ ಕಾಣದ ಹಾಗೆ ಒಳಗೆ ಹೋಗಿ ಕೂತ.