ಒಲೆ ಆರಿಸಿ ಹೋದ ಸಿಟ್ಟು

ಬಿಟಿಎಂ ಲೇಔಟಿನ ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿ, ಮೆಸ್ಸಿನ ಫಿಲೋಮಿನಾ ಆಂಟಿ ಅಂದು ಸಿಟ್ಟಿನ ಭರದಲ್ಲಿ ಮೈಮರೆತು ಮುದ್ದೆಕೋಲು ಬೀಸಿದರು ಎಂದೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದವನು ನಾನು. ಎದುರುಮನೆಯವನು ಹೆಂಡತಿಯನ್ನು ಜಡೆ ಹಿಡಿದು ಮೆಟ್ಟಿಲಿಗೆ ಎಳೆದಾಗ ಆಂಟಿ ಮೊದಲು ಒಲೆ ಆರಿಸಿದರು, ಪಾತ್ರೆಗೆ ಮುಚ್ಚಳ ಹಾಕಿದರು, ಕೋಲಿಗಂಟಿದ್ದ ಹಿಟ್ಟನ್ನು ಬಳಿದು ತೆಗೆದರು, ಆಮೇಲೆ ಬೀದಿ ದಾಟಿದರು. ಒಂದೇ ಏಟು, ಮಣಿಕಟ್ಟಿಗೆ. ಅವನ ಹಿಡಿತ ತಪ್ಪಿತು. ಕೋಲಿನ ತುದಿಯೂ ಸೀಳಿತು. ಮೈಮರೆತವರು ಮುದ್ದೆ ತಳ ಹಿಡಿದೀತೆಂದು ಯೋಚಿಸುತ್ತಾರೆಯೇ, ನೀವೇ ಹೇಳಿ.

ಅಂದಿನಿಂದ ಆಂಟಿ ಭಾನುವಾರ ಚರ್ಚಿಗೆ ಹೋಗುತ್ತಾರೆ, ಫಾದರ್ ಕೈಯಿಂದ ರೊಟ್ಟಿ ಪಡೆಯುವ ಪರಮಪ್ರಸಾದದ ಸಾಲಿಗೆ ಮಾತ್ರ ಏಳುವುದಿಲ್ಲ. ಮೊದಲು ಫಾದರ್ ಮುಂದೆ ಪಾಪನಿವೇದನೆ ಆಗಬೇಕು, ಅದಕ್ಕೆ ಪಶ್ಚಾತ್ತಾಪ ಬೇಕು, ಅದೋ ಹುಟ್ಟುತ್ತಿಲ್ಲ. "ಸುಳ್ಳುಸುಳ್ಳೇ ಸಾರಿ ಕೇಳಿ ಪ್ರಸಾದ ತಗೊಳ್ಳೋಕಾಗುತ್ತೇನಪ್ಪಾ?" ಎಂದರು ನನಗೆ.

ದೇವರನ್ನೇ ನಂಬದ, ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷ ಕೊಟ್ಟರೂ ಗೆದ್ದು ಬಂದ ನನಗೆ ಇದು ಸುಲಭದ ಮೊಕದ್ದಮೆಯೆನಿಸಿತು. ಹೊಡೆದವನಿಗೆ ಇನ್ನೊಂದು ಕೆನ್ನೆ ಒಡ್ಡಬೇಕೆಂಬುದು ನಿಜ, ಆದರೆ ಆ ಕೆನ್ನೆ ನಮ್ಮದು; ಪಕ್ಕದವಳ ಕೆನ್ನೆಯನ್ನು ಒಡ್ಡುವ ಅಧಿಕಾರ ನಮಗೆ ಕೊಟ್ಟವರಾರು? ಅಲ್ಲದೆ, ದೇಗುಲದ ಅಂಗಳದಿಂದ ವ್ಯಾಪಾರಿಗಳನ್ನು ಅಟ್ಟುವ ಮುನ್ನ ಯೇಸು ಹಗ್ಗದಿಂದ ಚಾಟಿ ಹೆಣೆದರಂತೆ. ಹೆಣೆಯಲು ಹೊತ್ತು ಬೇಕು, ಅಷ್ಟು ಹೊತ್ತು ಕಾದ ಸಿಟ್ಟು ಕುರುಡಾಗಿರಲಾರದು. "ನೀವು ಒಲೆ ಆರಿಸಿದ್ದೂ ಅದೇ ಅಲ್ವಾ ಆಂಟಿ?" ಎಂದೆ, ಆಗಲೇ ಗೆದ್ದವನಂತೆ.

"ಲಾಯರ್ ಆಗ್ಬೇಕಿತ್ತು ಕಣೋ ನೀನು" ಎಂದು ನಕ್ಕರು. ಆಮೇಲೆ ನಗು ನಿಂತಿತು. "ಸ್ವಾಮಿ ಚಾಟಿ ಹೆಣೆದ್ರು, ಸರಿ. ಬೀಸಿ ಖುಷಿಪಟ್ರು ಅಂತ ಯಾರಾದ್ರೂ ಬರ್ದಿದಾರಾ? ಅವನು ಅಯ್ಯೋ ಅಂದಾಗ ನಂಗೆ ಖುಷಿಯಾಯ್ತು. ಅವಳು ಬಚಾವಾದ್ಳು ಅಂತ ಅಲ್ಲಪ್ಪ, ಅವನಿಗೆ ನೋವಾಯ್ತಲ್ಲ ಅಂತ."

ಬಲಪ್ರಯೋಗಕ್ಕೆ ನನ್ನಲ್ಲಿ ವಾದವಿತ್ತು, ಸಿಟ್ಟಿಗೂ ಇತ್ತು; ಆ ಖುಷಿಯ ಪರವಾಗಿ ಎದ್ದು ನಿಲ್ಲಲು ಒಂದು ವಾಕ್ಯವೂ ಸಿಗಲಿಲ್ಲ. ಕೈ ಎತ್ತಿದ್ದನ್ನು ಧರ್ಮವೇ ಮನ್ನಿಸಿದರೂ, ಎದೆ ಕುಣಿದದ್ದನ್ನು ಮನ್ನಿಸೆಂದು ಯಾರನ್ನು ಕೇಳುವುದು?

ಇವತ್ತಿಗೂ ಆಂಟಿ ಅದೇ ಸೀಳಿದ ಕೋಲಿನಲ್ಲಿ ಮುದ್ದೆ ತಿರುವುತ್ತಾರೆ. ಹೊಸದು ತಂದುಕೊಡುತ್ತೇನೆಂದರೆ ಒಪ್ಪುವುದಿಲ್ಲ; ಸೀಳಿನಲ್ಲಿ ಸಿಕ್ಕಿಕೊಂಡ ಹಿಟ್ಟನ್ನು ದಿನವೂ ಕಡ್ಡಿಯಿಂದ ಕೆರೆದು ತೆಗೆಯುತ್ತ ಕೂರುತ್ತಾರೆ. ನಿನ್ನೆ ಮಧ್ಯಾಹ್ನ ಹಿಟ್ಟು ಇನ್ನೂ ಒಲೆಯ ಮೇಲಿತ್ತು, ಎದುರುಮನೆಯಲ್ಲಿ ಅವನ ದನಿ ಏರತೊಡಗಿತ್ತು. ಆಂಟಿಯ ಕೈ ನಿಂತಿತು. ಗೆಲ್ಲಬೇಕೆಂಬ ಆಸೆಯಿಲ್ಲದೆ ನಾನು ಮೊದಲ ಬಾರಿಗೆ ಕೇಳಿದೆ:

"ಆಂಟಿ, ಈಗ ಅವಳು ಕೂಗಿದ್ರೆ ಮತ್ತೆ ಒಲೆ ಆರಿಸ್ತೀರಾ?"