ಹನ್ನೊಂದು ಹಸಿರು

ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರಲ್ಲಿ ವರಲಕ್ಷ್ಮಮ್ಮ ಇಪ್ಪತ್ತೆರಡು ವರ್ಷ ಅರಗಿಗೆ ಬಣ್ಣ ಬೆರೆಸಿದವಳು. ಹಸಿರಿನಲ್ಲಿ ಅರಿಶಿನ ಒಂದು ಚಿಟಿಕೆ ಹೆಚ್ಚಾದರೂ ದೂರದಿಂದಲೇ ಕಂಡುಹಿಡಿದು ಬೈಯುತ್ತಿದ್ದಳು. ಹೆದ್ದಾರಿ ಅಗಲ ಮಾಡಲು ರಸ್ತೆಯಂಚಿನ ಹಳೆಯ ಮನೆಗಳನ್ನು ಉರುಳಿಸತೊಡಗಿದಾಗ ಅವಳಿಗೆ ಇನ್ನೊಂದು ಹುಚ್ಚು ಹಿಡಿಯಿತು. ಮನೆ ಕೆಡವುವ ಮೆಹಬೂಬನಿಗೆ ಹೇಳಿಟ್ಟು, ಗೋಡೆಗೆ ಕಚ್ಚಿಕೊಂಡ ಪಿಂಗಾಣಿ ಟೈಲ್ಸ್‌ಗಳನ್ನು ತಾನೇ ಉಳಿ ಹಿಡಿದು ಬಿಡಿಸಿ ತರುತ್ತಿದ್ದಳು.

ಅವುಗಳಲ್ಲಿ ಹನ್ನೊಂದು ಅವಳ ಜೀವ. ಎಲ್ಲದರ ಮೇಲೂ ತಾವರೆಯ ಚಿತ್ರ ಒಂದೇ, ಹಸಿರು ಹನ್ನೊಂದು ಬಗೆ. ಒಂದರಲ್ಲಿ ಮೆರುಗು ಗುಳ್ಳೆಯೆದ್ದಿತ್ತು, ಇನ್ನೊಂದರಲ್ಲಿ ಜೋನಿಬೆಲ್ಲದಂತೆ ಇಳಿದು ಅಂಚಿನಲ್ಲಿ ಗಟ್ಟಿಯಾಗಿತ್ತು. ಬೆನ್ನಿಗೆ ಮೊಳೆಯಲ್ಲಿ ಗೀಚಿದ ಅಂಕಿಗಳು. ಯಾರೋ ಒಬ್ಬ ಕೆಲಸಗಾರ ಸುಟ್ಟು, ಸೋತು, ಮತ್ತೆ ಸುಟ್ಟು ನೋಡಿದ್ದ. ಆ ಸೋಲೆಲ್ಲ ಯಾರದೋ ಅಡುಗೆಮನೆಯ ಮೂಲೆ ಸೇರಿತ್ತು.

೨೦೦೬ರಲ್ಲಿ, ರಾಮನಗರದ ಕಡೆ ಹೊಸದಾಗಿ ಎದ್ದ ಟೈಲ್ಸ್ ಫ್ಯಾಕ್ಟರಿಯ ಮ್ಯಾನೇಜರ್ ಲೋಕೇಶ್ ಹಳೆಯ ವಿನ್ಯಾಸಗಳನ್ನು ಹುಡುಕಿಕೊಂಡು ಮನೆಗೆ ಬಂದ. "ಫೋಟೋ ತೆಗೆದು ವಾಪಸ್ ಕೊಡ್ತೀವಮ್ಮ" ಎಂದು ಹನ್ನೊಂದನ್ನೂ ಒಯ್ದ. ಒಂದು ತಿಂಗಳಾಯಿತು, ಮೂರಾಯಿತು. ವರಲಕ್ಷ್ಮಮ್ಮ ಬಸ್ಸು ಹತ್ತಿದಳು.

ಗೇಟಿನಲ್ಲಿ ಎರಡು ಗಂಟೆ ನಿಲ್ಲಿಸಿ ಒಳಗೆ ಬಿಟ್ಟರು. ಲೋಕೇಶ್ ನಗುನಗುತ್ತಾ ಹೊಸ ಟೈಲ್ಸ್ ಡಬ್ಬವೊಂದನ್ನು ಮುಂದಿಟ್ಟ. ಅದೇ ತಾವರೆ, ಅಚ್ಚು ಹೊಡೆದದ್ದು. ಹಸಿರು ಸತ್ತುಹೋಗಿತ್ತು.

"ನನ್ನವೆಲ್ಲಿ?"

"ಲ್ಯಾಬ್‌ನವರು ಮೆರುಗು ಪರೀಕ್ಷೆಗೆ ಒಡೆದ್ರು. ಹೇಗೂ ರಿಜೆಕ್ಟ್ ಮಾಲಲ್ವಾ?"

"ರಿಜೆಕ್ಟಾ? ನಿಮ್ಮಪ್ಪನ ಮನೆ ಆಸ್ತಿಯೇನ್ಲಾ ಒಡೆಯಾಕೆ? ಫೋಟೋ ಅಂದೆ, ಪುಡಿ ಮಾಡ್ಬುಟ್ಟೆ! ಒಬ್ಬ ಕೆಲ್ಸದೋನ ಆಯುಸ್ಸು ಐತೆ ಕಣ್ಲಾ ಅದ್ರಲ್ಲಿ!"

"ಇನ್ನೆರಡು ಡಬ್ಬ ಕೊಡಿಸ್ತೀನಿ, ಕೂಗಾಡಬೇಡಿ."

ಅವಳು ಡಬ್ಬವನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಆಮೇಲೆ ಅಲ್ಲೇ, ಅವನ ಮೇಜಿನ ಮುಂದೆಯೇ ಕೂತಳು. "ನನ್ನ ಚೂರು ತತ್ತಾ. ಅಲ್ಲೀಗಂಟ ಏಳಾಕಿಲ್ಲ."

ಪಾಳಿ ಮುಗಿಸಿದ ಹೆಂಗಸರು ಬಾಗಿಲಲ್ಲಿ ಗುಂಪುಗೂಡಿದರು. ಯಾರೂ ಮನೆಗೆ ಹೋಗಲಿಲ್ಲ. ಲೋಕೇಶನ ನಗು ಆರಿತು. ಕೊನೆಗೆ ಚೂರು ತುಂಬಿದ ಸಿಮೆಂಟ್ ಚೀಲವೊಂದು ಬಂತು. ಇಡಿಯಾದದ್ದು ಅದರಲ್ಲಿ ಒಂದೂ ಇರಲಿಲ್ಲ.

ತಿಂಗಳ ನಂತರ ಮೆಹಬೂಬ ಒಂದು ನೀಲಿ ಟೈಲ್ಸ್ ತಂದುಕೊಟ್ಟು, "ಹೋಗಿದ್ದು ಹೋಯ್ತು, ಸಿಟ್ಟು ಬುಡಕ್ಕ" ಎಂದ. ಅವಳು ನೀಲಿಯನ್ನು ಒರೆಸಿ ಕಪಾಟಿನಲ್ಲಿಟ್ಟಳು. ಸಿಟ್ಟು ಬಿಡಲಿಲ್ಲ. ಸಂಗ್ರಹ ನೋಡಲು ಬಂದವರ ಅಂಗೈಗೆ ಇಂದಿಗೂ ಮೊದಲು ಚೂರುಗಳನ್ನೇ ಸುರಿಯುತ್ತಾಳೆ, ಒಡೆಸಿದವನ ಹೆಸರು ಹೇಳಿ.